ಕಾಲ್ದೆಸೆಯ ಚುಕ್ಕೆಗಳು

ಬಟ್ಟೆ ಒಗೆಯುವ ಆ ಅಂಗಡಿಯ ಒಡತಿಗೆ ಬೀದಿಯವರು ಇಟ್ಟ ಹೆಸರು ಪತ್ತೇದಾರಮ್ಮ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕರೆದಿದ್ದರೆ ಅವರು ಒಳಗೊಳಗೇ ಹಿಗ್ಗುತ್ತಿದ್ದರು ಎಂಬುದು ಬೇರೆ ಮಾತು.

ಒಮ್ಮೆ ಶಾಲೆಯ ಮೇಷ್ಟ್ರು ಒಂದು ಪ್ಯಾಂಟು ತಂದು ಕೌಂಟರಿನ ಮೇಲಿಟ್ಟು, ಚಹಾ ಚೆಲ್ಲಿಕೊಂಡೆ, ಕಲೆ ತೆಗೆದುಕೊಡಿ ಅಂದರು. ಪತ್ತೇದಾರಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಪ್ಯಾಂಟನ್ನು ಬೆಳಕಿಗೆ ಹಿಡಿದರು. ಚಹಾ ಚೆಲ್ಲಿದರೆ ತೊಡೆಯ ಮೇಲೆ ಚೆಲ್ಲಬೇಕು. ಈ ಕಲೆ ಇದ್ದದ್ದು ಮೊಣಕಾಲಿನ ಕೆಳಗೆ, ಒಳಬದಿಯಲ್ಲಿ. ಇದು ಬೂಟ್ ಪಾಲಿಷ್ ಮೇಷ್ಟ್ರೇ, ಪಾಠ ಮಾಡೋ ಹೊತ್ತಲ್ಲಿ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿರ್ತೀರಿ ಅಂತ ಅವರು ಘೋಷಿಸಿದಾಗ, ಸಾಲಿನಲ್ಲಿ ನಿಂತಿದ್ದ ನಾಲ್ಕು ಜನ ನಕ್ಕರು, ಮೇಷ್ಟ್ರು ರಸೀದಿ ತಗೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದರು.

ಅವರ ವಿದ್ಯೆಯೆಲ್ಲ ಇಷ್ಟೇ: ಕಲೆ ಎಂಥದು ಅಂತ ಆಮೇಲೆ ನೋಡು, ಎಲ್ಲಿದೆ ಅಂತ ಮೊದಲು ನೋಡು. ನಾಲ್ಕು ವರ್ಷದ ಹಿಂದೆ ಮನೆಗೆ ಬಂದ ಸೊಸೆಗೆ ಅವರು ಮೊದಲ ದಿನವೇ ಹೇಳಿಕೊಟ್ಟದ್ದೂ ಇದನ್ನೇ.

ಎರಡನೆಯ ನಿಯಮ ಅವರ ಗಂಡನದು. ಹಿಂದಿನ ಕೋಣೆಯ ಕಿಟಕಿ ಪಕ್ಕದಲ್ಲಿ ನಲವತ್ತು ವರ್ಷದಿಂದ ಇಸ್ತ್ರಿ ಹಾಕುತ್ತಿದ್ದ ಯಜಮಾನರು ದಿನಕ್ಕೆ ಎರಡು ವಾಕ್ಯಕ್ಕಿಂತ ಹೆಚ್ಚು ಮಾತಾಡಿದವರಲ್ಲ. ಆ ಎರಡರಲ್ಲಿ ಒಂದು ಸಾಮಾನ್ಯವಾಗಿ "ಕಲೆ ಇದೆ" ಅನ್ನುವುದೇ ಆಗಿರುತ್ತಿತ್ತು. ಹಾಗೆಂದು ಬಟ್ಟೆಯನ್ನು ಮುಂದಕ್ಕೆ ತಳ್ಳಿಬಿಡುತ್ತಿದ್ದರು. ಕಲೆಯ ಮೇಲೆ ಬಿಸಿ ತಾಗಿದರೆ ಅದು ದಾರದೊಳಕ್ಕೆ ಕೂತುಬಿಡುತ್ತದೆ, ಆಮೇಲೆ ಎಂಥ ಸಾಬೂನಿಗೂ ಜಗ್ಗುವುದಿಲ್ಲ. ನಲವತ್ತು ವರ್ಷದಲ್ಲಿ ಅವರು ಕಲೆ ಇದ್ದ ಒಂದೇ ಒಂದು ಬಟ್ಟೆಗೂ ಇಸ್ತ್ರಿ ಮುಟ್ಟಿಸಿರಲಿಲ್ಲ.

ಸೊಸೆ ಬಸುರಿ ಎಂದು ಗೊತ್ತಾದ ದಿನ ಯಜಮಾನರು ಮೂರನೆಯ ವಾಕ್ಯ ಮಾತಾಡಿದರು. ಅದೇನೆಂದು ಈಗ ಯಾರಿಗೂ ನೆನಪಿಲ್ಲ. ಮಾತಾಡಿದರು ಅನ್ನುವುದೇ ಸುದ್ದಿಯಾಗಿ ಬೀದಿಯ ಆ ತುದಿಯ ಬೇಕರಿಯವರೆಗೂ ಹೋಯಿತು. ಅಂಗಡಿಯ ವ್ಯಾನು ಓಡಿಸುವ ಮಗನಂತೂ ಅಂದಿನಿಂದ ಗುಂಡಿ ಕಂಡಲ್ಲೆಲ್ಲ ವ್ಯಾನನ್ನು ನಡೆಸಿಕೊಂಡೇ ಹೋಗುತ್ತಿದ್ದ, ಹೆಂಡತಿ ಅದರಲ್ಲಿ ಇರಲಿ, ಇಲ್ಲದಿರಲಿ. ಸೊಸೆಗೆ ಇದನ್ನೆಲ್ಲ ನೋಡಿ ನಗು ತಡೆಯಲಾಗುತ್ತಿರಲಿಲ್ಲ. ಅವಳು ಮೊದಲೇ ನಗುವವಳು. ಬಟ್ಟೆಗೆ ನಂಬರಿನ ಚೀಟಿ ಸಿಕ್ಕಿಸುತ್ತ, ಬಂದ ಗಿರಾಕಿಗಳ ಜೊತೆ ಹರಟುತ್ತ, ದಿನಕ್ಕೊಂದು ಸಲವಾದರೂ ಅತ್ತೆಯನ್ನು ನಗಿಸಿಯೇ ಮಲಗುವವಳು.

ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ತಿಂಡಿಯ ಹೊತ್ತಿಗೆ, ರಾತ್ರಿ ಸ್ವಲ್ಪ ತುರಿಕೆ ಆಗುತ್ತಿದೆ ಅಂತ ಅವಳು ಹೇಳಿದಳು. ಪತ್ತೇದಾರಮ್ಮ ಕೈಯಲ್ಲಿದ್ದ ಲೋಟವನ್ನೂ ಕೆಳಗಿಡಲಿಲ್ಲ.

"ಸಾಬೂನು" ಅಂದರು.

ಅದಕ್ಕೆ ಕಾರಣವಿತ್ತು. ಹಿಂದಿನ ತಿಂಗಳಷ್ಟೇ ಮಗ ಹೊಸ ಸಾಬೂನು ಪುಡಿ ತರಿಸಿದ್ದ. ನೊರೆ ಜಾಸ್ತಿ, ಹೂವಿನ ವಾಸನೆ ಅದಕ್ಕಿಂತ ಜಾಸ್ತಿ. ಮೊದಲ ದಿನವೇ ಪತ್ತೇದಾರಮ್ಮ ಮೂಗು ಮುರಿದಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಕಳ್ಳ ತಾನಾಗಿಯೇ ಸಿಕ್ಕಿಬಿದ್ದ. ನಾನು ಅವತ್ತೇ ಹೇಳಿದ್ದೆ ಅನ್ನುವ ಸಂಭ್ರಮ ಇದೆಯಲ್ಲ, ಅದು ಮನುಷ್ಯನ ಕಣ್ಣಿಗೆ ಕಟ್ಟುವ ಪಟ್ಟಿ. ಆ ಸಂಭ್ರಮದಲ್ಲಿ ಅವರು ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೇಳದೆ ಎದ್ದರು.

ಅಲ್ಲಿಂದ ಶುರುವಾಯಿತು ಸಾಬೂನಿನ ಯುದ್ಧ. ಪುಡಿ ಮಾರಿದವನನ್ನು ಅಂಗಡಿಗೆ ಕರೆಸಿದರು. ಅವನು ನಮ್ಮ ಪುಡಿ ಹಸುಗೂಸಿನ ಚರ್ಮಕ್ಕೂ ಒಗ್ಗುತ್ತೆ ಎಂದು ಬಾಯಿಪಾಠ ಒಪ್ಪಿಸತೊಡಗಿದ. ಹಾಗಾದರೆ ಒಂದು ಕೈ ಅದ್ದಿ ಕೂತುಕೊ ಎಂದು ಬಕೆಟ್ಟಿನ ತುಂಬ ಅದೇ ನೊರೆ ಮಾಡಿ ಮುಂದಿಟ್ಟರು. ಸೊಸೆ ಪಾಪವೆಂದು ಅವನಿಗೊಂದು ಕುರ್ಚಿ ಹಾಕಿಕೊಟ್ಟಳು. ಅರ್ಧ ಗಂಟೆ ಕೂತ. ಕೈ ತೆಗೆದರೆ ತುರಿಕೆಯೂ ಇಲ್ಲ, ಮಣ್ಣೂ ಇಲ್ಲ. ಅದ್ದಿದ ಕೈ ಮಾತ್ರ ಬೆಳ್ಳಗಾಗಿ, ಅವನ ಎಡಗೈ ಮತ್ತು ಬಲಗೈ ಬೇರೆ ಬೇರೆ ಮನುಷ್ಯರದ್ದು ಎನ್ನುವ ಹಾಗೆ ಕಾಣುತ್ತಿದ್ದವು. ಅವನೇ ಎರಡನ್ನೂ ಪಕ್ಕಪಕ್ಕದಲ್ಲಿ ಹಿಡಿದು ನೋಡಿಕೊಂಡು ನಕ್ಕುಬಿಟ್ಟ.

ಅದರಿಂದ ಪತ್ತೇದಾರಮ್ಮ ಸೋಲೊಪ್ಪಲಿಲ್ಲ. ನಿನ್ನ ಚರ್ಮ ದಪ್ಪ ಅಂತ ಅವನನ್ನು ಕಳಿಸಿದರು. ಸೊಸೆಯ ಬಟ್ಟೆಯನ್ನೆಲ್ಲ ಹಳೆಯ ಬಿಲ್ಲೆ ಸಾಬೂನಿನಲ್ಲಿ ಒಗೆದು ಆರು ನೀರಿನಲ್ಲಿ ಜಾಲಾಡಿದರು. ಆಮೇಲೆ ಸಾಬೂನೇ ಬೇಡವೆಂದು ಬರೀ ಬಿಸಿನೀರು. ಆಮೇಲೆ ಕೊನೆಯ ನೀರಿಗೆ ಒಂದಿಷ್ಟು ವಿನೆಗರ್. ಮನೆಯೆಲ್ಲ ಉಪ್ಪಿನಕಾಯಿ ಜಾಡಿಯ ಹಾಗೆ ನಾತ ಹೊಡೆಯುತ್ತಿದೆ ಎಂದು ಯಜಮಾನರು ಅಂದಿನ ಎರಡೂ ವಾಕ್ಯಗಳನ್ನು ಅದಕ್ಕೇ ಖರ್ಚು ಮಾಡಿದರು.

ದಿನಾ ಬೆಳಿಗ್ಗೆ ಹೇಗಿದೆ ಎಂದು ಅತ್ತೆ ಕೇಳುವರು. ಸ್ವಲ್ಪ ವಾಸಿ ಎಂದು ಸೊಸೆ ಹೇಳುವಳು. ಅದು ಸುಳ್ಳು. ಆದರೆ ಸೊಂಟನೋವಿನ ಆ ಹೆಂಗಸು ತನಗೋಸ್ಕರ ಕಲ್ಲುತೊಟ್ಟಿಯ ಮುಂದೆ ಬಗ್ಗಿ ಆರನೆಯ ನೀರು ಜಾಲಾಡುವುದನ್ನು ನೋಡಿದ ಮೇಲೆ, ಏನೂ ಉಪಯೋಗವಾಗಿಲ್ಲ ಎಂದು ಹೇಳಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಆಸ್ಪತ್ರೆಯ ತಪಾಸಣೆಯಲ್ಲೂ ಒಂದು ಮಾತು ಹೇಳಿದ್ದಳು. ಅಲ್ಲಿನ ದಾದಿ ಅವಳ ಹೊಟ್ಟೆ ನೋಡಿ, ಚರ್ಮ ಹಿಗ್ಗುವಾಗ ಎಲ್ಲರಿಗೂ ತುರಿಸುತ್ತದೆ ಎಂದು ಒಂದು ಮುಲಾಮು ಕೊಟ್ಟು ಕಳಿಸಿದ್ದಳು. ಹೆಚ್ಚಿನ ಬಸುರಿಯರ ಮಟ್ಟಿಗೆ ಅದು ನಿಜವೇ.

ಹನ್ನೆರಡನೆಯ ದಿನ ಸೊಸೆ ಕೌಂಟರಿನಲ್ಲೇ ತೂಕಡಿಸಿದಳು. ಚೀಟಿಗಳು ಅದಲುಬದಲಾದವು. ಮೇಷ್ಟ್ರ ಪ್ಯಾಂಟು ಬೇಕರಿಯವನ ಪಾಲಿಗೆ, ಬೇಕರಿಯವನ ಬಿಳಿ ಏಪ್ರನ್ನು ಮೇಷ್ಟ್ರ ಪಾಲಿಗೆ ಹೋಗಿ, ಇಬ್ಬರೂ ಒಟ್ಟಿಗೇ ವಾಪಸು ಬಂದರು. ನಗಾಡುತ್ತಲೇ ಬದಲಾಯಿಸಿಕೊಟ್ಟ ಪತ್ತೇದಾರಮ್ಮ ಸೊಸೆಯ ಮುಖ ನೋಡಿ ನಗು ನಿಲ್ಲಿಸಿದರು. ಕಣ್ಣ ಕೆಳಗೆ ಕಪ್ಪಾಗಿತ್ತು. ನೀನು ಕೂತಿರು, ಹಾಸಿಗೆ ಬಟ್ಟೆ ನಾನೇ ತರ್ತೀನಿ ಎಂದು ಮಹಡಿ ಹತ್ತಿದರು. ಬೇಡ ಅತ್ತೆ, ನಾನೇ ಒಗೆದುಕೊಳ್ಳುತ್ತೇನೆ ಎಂದು ಸೊಸೆ ಹಿಂದಿನಿಂದ ಕೂಗಿದ್ದು ಅವರಿಗೆ ವಿಚಿತ್ರವಾಗಿ ಕೇಳಿಸಿತು. ಈಗ ಒಂದು ವಾರದಿಂದ ಅವಳು ತನ್ನ ಹಾಸಿಗೆಯ ಬಟ್ಟೆಯನ್ನು ಯಾರ ಕೈಗೂ ಕೊಟ್ಟಿರಲಿಲ್ಲ.

ಮಂಚದ ಮೇಲೆ ಹಾಸಿದ್ದ ಬಿಳಿ ಹೊದಿಕೆಯನ್ನು ಎಳೆದರು. ಅಭ್ಯಾಸ ಬಿಡಲಿಲ್ಲ, ಕೈ ತಾನಾಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿಯಿತು.

ಕಾಲ್ದೆಸೆಯಲ್ಲಿ ಚುಕ್ಕೆಗಳಿದ್ದವು. ಸೂಜಿಮೊನೆಯಷ್ಟು ಸಣ್ಣವು, ಗೆರೆ ಎಳೆದ ಹಾಗೆ ಒಂದರ ಹಿಂದೆ ಒಂದು. ರಕ್ತ. ಇಂದಿನವು ಕೆಂಪಗೆ, ನಿನ್ನೆಯವು ಕಂದು. ತಿಗಣೆಯೇ? ತಿಗಣೆಯಾದರೆ ಮಂಚದ ಅರ್ಧವನ್ನು ಬಿಟ್ಟು ಇನ್ನರ್ಧಕ್ಕೆ ಬರುವುದಿಲ್ಲ. ಮಗ ಮಲಗುವ ಬದಿ, ಅವನು ಜೊಲ್ಲು ಸುರಿಸಿದ ದಿಂಬೊಂದನ್ನು ಬಿಟ್ಟರೆ, ಹಾಲಿನಷ್ಟು ಬೆಳ್ಳಗಿತ್ತು. ಸಾಬೂನೇ? ಸಾಬೂನಿನ ಉರಿಯಾದರೆ ಬಟ್ಟೆ ಬಿಗಿಯುವ ಕಡೆ ಇರಬೇಕು. ಸೊಂಟದ ಸುತ್ತ, ಕಂಕುಳು, ಕುತ್ತಿಗೆ. ಹೊದಿಕೆಯ ನಡುಭಾಗದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಇದ್ದದ್ದು ಕಾಲ್ದೆಸೆಯಲ್ಲಿ, ಮತ್ತೆ ಕೈಗಳು ಇರುವ ಮಟ್ಟದಲ್ಲಿ ಒಂದೆರಡು ಒರೆಸಿದ ಗುರುತು.

ಅಂಗಾಲು ಯಾವ ಬಟ್ಟೆ ಉಡುತ್ತದೆ?

ಪತ್ತೇದಾರಮ್ಮ ಮಂಚದ ಮೇಲೆ ಕುಕ್ಕರಿಸಿದರು. ಕೂತಲ್ಲಿ ಏನೋ ಒತ್ತಿತು. ಹಾಸಿಗೆ ಎತ್ತಿ ನೋಡಿದರೆ, ಕಾಲರ್ ಉಜ್ಜುವ ಬ್ರಷ್ಷು. ಒಂದು ವಾರದಿಂದ ಕಾಣೆಯಾಗಿದೆ ಎಂದು ಅದಕ್ಕಾಗಿ ಮಗನನ್ನು ಮೂರು ಸಲ ಬೈದಿದ್ದರು. ಅಂಗಿಯ ಕಾಲರಿನ ಜಿಡ್ಡನ್ನೇ ಬಿಡಿಸುವ ಬಿರುಸು ಕೂದಲಿನ ಬ್ರಷ್ಷು ಅದು. ಅದರಲ್ಲಿ ಹುಡುಗಿ ಪಾದ ಉಜ್ಜಿಕೊಳ್ಳುತ್ತಿದ್ದಳು. ಎಷ್ಟು ತುರಿಸಿದರೆ ಮನುಷ್ಯರು ಅದನ್ನು ಕೈಗೆತ್ತಿಕೊಳ್ಳುತ್ತಾರೆ?

ಹೊದಿಕೆಯನ್ನೂ ಬ್ರಷ್ಷನ್ನೂ ಹಿಡಿದುಕೊಂಡೇ ಕೆಳಗಿಳಿದರು.

"ಕಾಲು ತೋರಿಸು."

"ಬೇಡ ಅತ್ತೆ, ಚೆನ್ನಾಗಿರಲ್ಲ."

"ತೋರಿಸು ಅಂದೆ."

ಸೊಸೆ ಚಪ್ಪಲಿ ಬಿಟ್ಟು ಪಾದ ಎತ್ತಿದಳು. ಪರಚಿದ ಗಾಯಗಳಿದ್ದವು, ಆದರೆ ಗುಳ್ಳೆಯಿಲ್ಲ, ದದ್ದಿಲ್ಲ. ಅಂಗೈ ಕೆಂಪಾಗಿತ್ತು, ಅಲ್ಲೂ ಏನೂ ಎದ್ದಿರಲಿಲ್ಲ.

"ಎಷ್ಟು ದಿನದಿಂದ ಹೀಗೆ, ಅಂಗಾಲಲ್ಲಿ?"

"ಮೊದಲಿಂದ್ಲೂ ಅಲ್ಲೇ ಅತ್ತೆ. ಕೈ, ಕಾಲು. ರಾತ್ರಿ ಆದ್ರೆ ತಡೆಯಕ್ಕಾಗಲ್ಲ."

"ಮತ್ತೆ ನಂಗೆ ಹೇಳ್ಬಾರ್ದಿತ್ತಾ?"

ಸೊಸೆ ತಲೆ ತಗ್ಗಿಸಿದಳು. ಅವಳ ಮಾತಿನಲ್ಲಿ ಆಪಾದನೆ ಇರಲಿಲ್ಲ, ಅದಕ್ಕೇ ಅದು ನೇರವಾಗಿ ನಾಟಿತು.

"ಎಲ್ಲಿ ಅಂತ ನೀವು ಕೇಳ್ಲಿಲ್ಲ."

ಮೂವತ್ತು ವರ್ಷ ಊರಿಗೆಲ್ಲ ಪಾಠ ಹೇಳಿದ ಹೆಂಗಸು ತನ್ನ ಪಾಠವನ್ನೇ ನುಂಗಿ ನೀರು ಕುಡಿದಿದ್ದರು. ನಾಚಿಕೆಯಾಯಿತು, ಭಯ ಅದಕ್ಕಿಂತ ಹೆಚ್ಚಾಯಿತು. ಇದೇನು ಕಾಯಿಲೆ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಕಲೆಗಳಲ್ಲಿ ಹೊರಗಿನಿಂದ ಬೀಳುವುದು ಒಂದು ಜಾತಿ, ಒಳಗಿನಿಂದ ಬರುವುದು ಇನ್ನೊಂದು. ಕಂಕುಳಿನ ಹಳದಿಯನ್ನು ಮೇಲಿನಿಂದ ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಯಾಕೆಂದರೆ ಅದು ಮೈಯಿಂದ ಬಂದದ್ದು. ಈ ತುರಿಕೆಯೂ ಮೈಯೊಳಗಿನದು.

ಯಜಮಾನರು ಇಸ್ತ್ರಿಯ ಸ್ವಿಚ್ಚು ಆರಿಸಿದರು. ಕೆಲಸದ ದಿನ, ಹಾಡುಹಗಲು ಹನ್ನೊಂದು ಗಂಟೆಗೆ ಅಂಗಡಿಯ ಬಾಗಿಲು ಬಿತ್ತು. ಮಗ ಮೊದಲ ಸಲ ಗುಂಡಿಗಳನ್ನು ಲೆಕ್ಕಿಸದೆ ವ್ಯಾನು ಓಡಿಸಿದ.

ಆಸ್ಪತ್ರೆಯಲ್ಲಿ ಅದೇ ದಾದಿ. ನಿಮ್ಮ ತಪಾಸಣೆ ಇರುವುದು ಗುರುವಾರ, ಮುಲಾಮು ಮುಗಿದಿದ್ದರೆ ಇನ್ನೊಂದು ಕೊಡುತ್ತೇನೆ ಎಂದಳು. ಪತ್ತೇದಾರಮ್ಮ ದಾದಿಯ ಮೇಜಿನ ಮೇಲಿದ್ದ ಫೈಲು, ಪೆನ್ನು, ಅರ್ಧ ಕುಡಿದ ನೀರಿನ ಬಾಟಲಿ ಎಲ್ಲವನ್ನೂ ಒಂದು ಪಕ್ಕಕ್ಕೆ ಸರಿಸಿ, ಹೊದಿಕೆಯನ್ನು ಅಂಗಡಿಯಲ್ಲಿ ಗಿರಾಕಿಗೆ ಹರವಿ ತೋರಿಸುವ ಹಾಗೆ ಹರವಿದರು. ತಲೆದೆಸೆ ಇದು, ಕಾಲ್ದೆಸೆ ಇದು, ನಡುವೆ ಏನೂ ಇಲ್ಲ, ನೋಡಮ್ಮ ಅಂದರು. ದಾದಿ ಮೇಲೆ ಕೆಳಗೆ ನೋಡಿದಳು. ಗಲಾಟೆ ಕೇಳಿ ಡಾಕ್ಟರು ಹೊರಗೆ ಬಂದರು. ವಯಸ್ಸಾದ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುತ್ತಿದ್ದರು. ಪತ್ತೇದಾರಮ್ಮ ಅದನ್ನೂ ಪತ್ತೆ ಮಾಡಿಕೊಟ್ಟರು.

ಡಾಕ್ಟರು ಹೊದಿಕೆ ನೋಡಿದರು, ಸೊಸೆಯ ಅಂಗಾಲು ನೋಡಿದರು. ರಾತ್ರಿ ಜಾಸ್ತಿಯೇ ಎಂದು ಕೇಳಿದರು. ಹೌದು. ಮೈಮೇಲೆ ದದ್ದು ಎದ್ದಿದೆಯೇ? ಇಲ್ಲ. ಮೂತ್ರದ ಬಣ್ಣ ಹೇಗಿದೆ? ಸೊಸೆ ಮಾವನ ಕಡೆ ನೋಡಿದಳು. ಯಜಮಾನರು ಆ ಕ್ಷಣವೇ ಗೋಡೆಯ ಕ್ಯಾಲೆಂಡರಿನಲ್ಲಿ ಅಪಾರ ಆಸಕ್ತಿ ತೋರಿಸುತ್ತ ಬಾಗಿಲ ಆಚೆ ಹೋದರು. ಚಹಾದ ಹಾಗಿದೆ ಎಂದು ಅವಳು ಮೆಲ್ಲಗೆ ಹೇಳಿದಳು.

ಡಾಕ್ಟರ ಮುಖದಲ್ಲಿದ್ದ ನಗು ಅಲ್ಲಿಗೆ ಮುಗಿಯಿತು. ಮೊದಲು ಮಗುವಿನ ಎದೆಬಡಿತ ಕೇಳಿಸಿದರು. ಅದು ರೈಲು ಹಿಡಿಯಲು ಓಡುವವರ ಹಾಗೆ ದಡದಡ ಓಡುತ್ತಿತ್ತು, ಸರಿಯಾಗಿತ್ತು. ಆಮೇಲೆ ರಕ್ತ ತೆಗೆದುಕೊಂಡರು. ಆಮೇಲೆ ಎಲ್ಲರನ್ನೂ ಕೂರಿಸಿ ಹೇಳಿದರು. ಬಸುರಿನಲ್ಲಿ ಅಪರೂಪಕ್ಕೆ ಕೆಲವರಿಗೆ ಯಕೃತ್ತಿನ ಪಿತ್ತರಸ ಸರಿಯಾಗಿ ಹರಿಯದೆ ರಕ್ತಕ್ಕೆ ಸೇರುತ್ತದೆ. ಅದರ ಮೊದಲ ಸುಳಿವು ಅಂಗೈ ಅಂಗಾಲಿನ ತುರಿಕೆ. ಚರ್ಮದ ಮೇಲೆ ಏನೂ ಕಾಣುವುದಿಲ್ಲವಾದ್ದರಿಂದ ಯಾರೂ ದೊಡ್ಡದು ಮಾಡುವುದಿಲ್ಲ.

"ತಾಯಿಗೆ ತುರಿಕೆಯ ಕಾಟ ಅಷ್ಟೆ. ಅಪಾಯ ಇರೋದು ಮಗುವಿಗೆ" ಅಂದರು ಡಾಕ್ಟರು. "ರಕ್ತದಲ್ಲಿ ಪಿತ್ತ ತುಂಬಾ ಜಾಸ್ತಿ ಆದ್ರೆ, ಒಳಗೇ ಇದ್ದಕ್ಕಿದ್ದ ಹಾಗೆ ಎದೆಬಡಿತ ನಿಂತುಹೋಗಬಹುದು. ನೀವು ಗುರುವಾರದವರೆಗೆ ಕಾಯದೇ ಬಂದದ್ದು ಒಳ್ಳೇದಾಯ್ತು."

ಮರುದಿನ ಮಧ್ಯಾಹ್ನ ವರದಿ ಬಂತು. ಅವರು ಹೇಳಿದ್ದೇ ಹೌದು, ರಕ್ತದಲ್ಲಿ ಪಿತ್ತ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮಾತ್ರೆ ಬರೆದುಕೊಟ್ಟರು. ವಾರಕ್ಕೆರಡು ಸಲ ಬಂದು ಮಗುವಿನ ಬಡಿತ ನೋಡಿಸಿಕೊಳ್ಳಬೇಕು, ಒದೆತ ಕಡಿಮೆಯಾದರೆ ಅರೆಗಳಿಗೆ ತಡಮಾಡದೆ ಓಡಿಬರಬೇಕು, ಮೂವತ್ತಾರು ವಾರ ತುಂಬಿದ ಮೇಲೆ ಕಾಯುವುದಿಲ್ಲ, ಹೆರಿಗೆ ಮಾಡಿಸುತ್ತೇವೆ ಎಂದರು.

ಅದಕ್ಕೆ ಇನ್ನೂ ಎರಡು ವಾರವಿತ್ತು. ಆ ಎರಡು ವಾರ ಬೀದಿಯವರಿಗೆ ಪತ್ತೇದಾರಮ್ಮನದೇ ಚಿಂತೆಯಾಯಿತು. ಯಾಕೆಂದರೆ ಅವರು ಪತ್ತೆ ಮಾಡುವುದನ್ನೇ ಬಿಟ್ಟರು. ಯಾರಾದರೂ ಕಲೆ ತೋರಿಸಿದರೆ, ಏನು ಅಂತ ನೀವೇ ಹೇಳಿ, ನನಗೇನು ಗೊತ್ತು ಅನ್ನುತ್ತಿದ್ದರು. ಮೇಷ್ಟ್ರು ಅವರನ್ನು ಉತ್ಸಾಹಗೊಳಿಸಲೆಂದೇ ಒಂದು ಅಂಗಿಗೆ ಬೇಕೆಂದೇ ಜಾಮ್ ಮೆತ್ತಿಕೊಂಡು ಬಂದು, ಶಾಯಿ ಅಂತ ಸುಳ್ಳು ಹೇಳಿ ನೋಡಿದರು. ಪತ್ತೇದಾರಮ್ಮ ಚೀಟಿಯಲ್ಲಿ ಶಾಯಿ ಅಂತಲೇ ಬರೆದುಕೊಂಡರು. ಮೇಷ್ಟ್ರು ತಲೆ ಕೆರೆದುಕೊಂಡು ಹೋದರು.

ಹನ್ನೆರಡು ದಿನ. ಅದೇ ಅವರ ತಲೆಯಲ್ಲಿ ಕೊರೆಯುತ್ತಿತ್ತು. ಹನ್ನೆರಡು ದಿನ ನಾನು ಬಕೆಟ್ಟಿನಲ್ಲಿ ಕೈಯಾಡಿಸುತ್ತಿದ್ದೆ, ಮಗು ಒಳಗೆ ವಿಷದಲ್ಲಿ ಈಜುತ್ತಿತ್ತು. ಸೊಸೆಯ ಮುಖ ಕಂಡರೆ ಅವರು ಬೇರೆ ಕಡೆ ತಿರುಗಿ ಏನಾದರೂ ಮಡಚತೊಡಗುತ್ತಿದ್ದರು. ಮಡಚಿದ್ದನ್ನೇ ಮಡಚುತ್ತಿದ್ದರು.

ಸೊಸೆ ನಾಲ್ಕು ದಿನ ನೋಡಿದಳು. ಐದನೆಯ ದಿನ ಮೇಷ್ಟ್ರ ಅಂಗಿಯನ್ನು ಅತ್ತೆಯ ಮುಂದೆ ಹರವಿ, ಅವರ ಎದುರು ಕುರ್ಚಿ ಎಳೆದುಕೊಂಡು ಕೂತಳು. ಹೊಟ್ಟೆ ಅಡ್ಡ ಬಂದು ಅದಕ್ಕೇ ಒಂದು ನಿಮಿಷ ಹಿಡಿಯಿತು.

"ಅತ್ತೆ, ಕೇಳ್ದೇ ಇದ್ದಿದ್ದು ನಿಮ್ಮ ತಪ್ಪು. ಹೇಳ್ದೇ ಇದ್ದಿದ್ದು ನಂದು. ಬ್ರಷ್ ಕದ್ದಿದ್ದೂ ನಂದೇ. ಅರ್ಧರ್ಧ ಹಂಚ್ಕೊಂಡು ಮುಗಿಸಿಬಿಡೋಣ. ನಂಗೆ ಈ ಮುಖ ನೋಡಕ್ಕಾಗ್ತಿಲ್ಲ."

ಪತ್ತೇದಾರಮ್ಮನ ಕಣ್ಣು ತುಂಬಿತು. ಸೆರಗು ಹುಡುಕಿ, ಸಿಗದೆ, ಕೈಗೆ ಸಿಕ್ಕ ಮೇಷ್ಟ್ರ ಅಂಗಿಯಲ್ಲೇ ಒರೆಸಿಕೊಂಡರು. ಒರೆಸಿಕೊಳ್ಳುವಾಗ ಮೂಗಿಗೆ ವಾಸನೆ ಬಡಿಯಿತು.

"ಇದು ಶಾಯಿಯಲ್ಲ, ಜಾಮು" ಅಂದರು. "ಅದೂ ಬೇಕೂಂತ ಮೆತ್ತಿದ್ದು. ಜೇಬಿನ ಒಳಗೆ ಯಾರಿಗೆ ತಾನಾಗಿ ಜಾಮ್ ಬೀಳುತ್ತೆ?"

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗಿನದೂ ಒಂದು ಸಲ ಜೋರಾಗಿ ಒದ್ದಿತು. ಅತ್ತೆ ಅದರ ಮೇಲೆ ಕೈಯಿಟ್ಟುಕೊಂಡು ಮಧ್ಯಾಹ್ನದ ಊಟದ ಹೊತ್ತಿನವರೆಗೂ ಹಾಗೇ ಕೂತಿದ್ದರು, ಬಂದ ಗಿರಾಕಿಗಳಿಗೆ ಆ ಹೊತ್ತು ಕಾಯದೆ ಬೇರೆ ದಾರಿಯಿರಲಿಲ್ಲ.

ಮೂವತ್ತಾರು ವಾರ ತುಂಬಿದ ಮಾರನೆಯ ದಿನ, ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ ಹೆಣ್ಣುಮಗು ಹುಟ್ಟಿತು. ತೂಕ ಸ್ವಲ್ಪ ಕಡಿಮೆ, ದನಿ ಮೂರು ಮನೆಗೆ ಸಾಲುವಷ್ಟು. ಮಗ ಮಗುವಿಗಿಂತ ಹೆಚ್ಚು ಅತ್ತ. ಎರಡು ದಿನದಲ್ಲಿ ಸೊಸೆಯ ತುರಿಕೆ ಹೇಳಹೆಸರಿಲ್ಲದೆ ಹೋಯಿತು. ಮುಂದಿನ ಬಸುರಿನಲ್ಲೂ ಬರಬಹುದು, ಮೊದಲ ದಿನವೇ ಹೇಳಿ ಎಂದರು ಡಾಕ್ಟರು. ದಾದಿ ಬಂದು ಮಗುವನ್ನು ಎತ್ತಿಕೊಟ್ಟಳು. ಈಗ ತುರಿಕೆ ಅಂತ ಯಾರು ಬಂದರೂ ಎಲ್ಲಿ ಎಂದು ಮೊದಲು ಕೇಳುತ್ತೇನಮ್ಮ ಎಂದು ತಾನಾಗಿಯೇ ಹೇಳಿದಳು. ಪತ್ತೇದಾರಮ್ಮನಿಗೆ ಅವಳ ಮೇಲೆ ಕೋಪ ಬರಲಿಲ್ಲ. ಕೋಪಿಸಿಕೊಳ್ಳಲು ತನಗೆಲ್ಲಿದೆ ಮುಖ ಎಂದು ಅವರಿಗೆ ಅನ್ನಿಸಿತು. ನಾನೂ ಹಾಗೇ ಕಲಿತೆ ಕಣಮ್ಮ ಎಂದು ಅವಳ ಭುಜ ತಟ್ಟಿದರು.

ಮನೆಗೆ ಬಂದ ಮೂರನೆಯ ದಿನ ವ್ಯಾನು ಗುಡಿಸುವಾಗ ಸೀಟಿನ ಕೆಳಗೆ ಒಂದು ಚೀಲ ಸಿಕ್ಕಿತು. ಅದರಲ್ಲಿ ಆ ಬಿಳಿ ಹೊದಿಕೆ. ಅಂದು ಆಸ್ಪತ್ರೆಯಿಂದ ತಂದು ಅಲ್ಲಿಟ್ಟದ್ದು ಎಲ್ಲರಿಗೂ ಮರೆತುಹೋಗಿತ್ತು. ಸೊಸೆಗೆ ನಾಚಿಕೆಯಾಯಿತು. ಕೊಡಿ ಅತ್ತೆ, ತಣ್ಣೀರಿಗೆ ಉಪ್ಪು ಹಾಕಿ ನೆನೆಸುತ್ತೇನೆ, ಹಳೆಯದಾದರೂ ಹೋಗುತ್ತೆ ಎಂದು ಕೈ ಚಾಚಿದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು; ಅತ್ತೆ ಕಲಿಸಿದ್ದೇ ಅದು.

ಪತ್ತೇದಾರಮ್ಮ ಕೊಡಲಿಲ್ಲ. ಹೊದಿಕೆ ಹಿಡಿದು ಹಿಂದಿನ ಕೋಣೆಗೆ ಹೋಗಿ ಇಸ್ತ್ರಿಯ ಮೇಜಿನ ಮೇಲೆ ಹರವಿದರು. ಮಗುವನ್ನು ಹೆಗಲಿಗೆ ಹಾಕಿಕೊಂಡು ಸೊಸೆಯೂ ಹಿಂದೆ ಬಂದಳು.

ಯಜಮಾನರು ಬಗ್ಗಿ ನೋಡಿದರು. "ಕಲೆ ಇದೆ" ಅಂದು ಮುಂದಕ್ಕೆ ತಳ್ಳಿದರು.

ಪತ್ತೇದಾರಮ್ಮ ಅದನ್ನು ಮತ್ತೆ ಅವರ ಕಡೆಗೇ ತಳ್ಳಿದರು.

"ಗೊತ್ತುರೀ. ಇಸ್ತ್ರಿ ಹಾಕಿ. ಕೌಂಟರ್ ಹಿಂದೆ ನನ್ನ ಕಣ್ಣೆದುರಿಗೇ ಇರಬೇಕು ಅದು. ಯಾರಾದ್ರೂ ಬಾಯಿ ಬಿಡೋಕೆ ಮುಂಚೆ ನಾನು ಉತ್ತರ ಹೇಳಿದ್ರೆ, ಅದನ್ನ ನೋಡಿ ಬಾಯಿ ಮುಚ್ಕೋಬೇಕು."

ಯಜಮಾನರು ಹೆಂಡತಿಯನ್ನು ನೋಡಿದರು, ಸೊಸೆಯನ್ನು ನೋಡಿದರು, ಅವಳ ಹೆಗಲ ಮೇಲೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ ಮೊಮ್ಮಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಇಸ್ತ್ರಿ ಎತ್ತಿ, ಬೇರೆಲ್ಲೂ ಅಲ್ಲ, ಕಾಲ್ದೆಸೆಯ ಚುಕ್ಕೆಗಳ ಮೇಲೇ ಮೊದಲು ಇಟ್ಟು, ಒತ್ತಿ ಹಿಡಿದರು.

"ಇನ್ನು ಇದು ಹೋಗಲ್ಲ" ಅಂದರು.

ಅಲ್ಲಿಗೆ ಆ ದಿನದ ಎರಡು ವಾಕ್ಯಗಳೂ ಮುಗಿದವು.